ಹೆಲ್ಸಿಂಕಿಯಿಂದ ಆಚೆ

ಹೊರಮಾವಿನ ನಮ್ಮ ಮನೆಯಿಂದ ಜಯನಗರದ ನಾದಿನಿಯ ಮನೆಗೆ ಹೋಗಲು ಎರಡು ಗಂಟೆ ಹಿಡಿಯುತ್ತದೆ. ಕೆ.ಆರ್. ಪುರದ ಹತ್ತಿರ ಲಾರಿ ಏನಾದರೂ ಕೆಟ್ಟು ನಿಂತಿದ್ದರೆ ಎರಡೂವರೆ. ಅಷ್ಟೇ ಹೊತ್ತಿನಲ್ಲಿ ಒಂದು ದೇಶದ ರಾಜಧಾನಿಯಿಂದ ಇನ್ನೊಂದು ದೇಶದ ರಾಜಧಾನಿಗೆ ಹಡಗಿನಲ್ಲಿ ಹೋಗಿಬಿಡಬಹುದು ಎಂದು ಟೂರಿನವರು ಹೇಳಿದಾಗ ನಾನು ನಂಬಲಿಲ್ಲ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ತಿಂಡಿ ತಿಂದು ಹತ್ತಿದರೆ ಊಟದ ಹೊತ್ತಿಗೆ ಎಸ್ಟೋನಿಯಾದ ಟಾಲಿನ್. ನಡುವೆ ಸಮುದ್ರ. ಪಾಸ್‌ಪೋರ್ಟಿಗೆ ಸೀಲು ಕೂಡ ಒತ್ತುವುದಿಲ್ಲವಂತೆ. ಇನ್ಶೂರೆನ್ಸ್ ಆಫೀಸಿನಲ್ಲಿ ಇಷ್ಟು ವರ್ಷ ಕಾಗದಗಳ ಮೇಲೆ ಸೀಲು ಒತ್ತುತ್ತಲೇ ಬಂದ ನನಗೆ ಸೀಲಿಲ್ಲದೆ ದೇಶ ದಾಟುವುದು ಅಷ್ಟು ಸರಿ ಕಾಣಲಿಲ್ಲ.

ಹೋಗಬೇಕಾಗಿದ್ದದ್ದು ನಾನು ಮತ್ತು ನನ್ನ ಗಂಡ. ವೀಸಾಕ್ಕೆ ಅರ್ಜಿ ಹಾಕುವ ಮುಂಚೆ ಅವರ ಬೆನ್ನಿನ ಡಿಸ್ಕ್ ಜಾರಿತು. ಅಷ್ಟು ದೂರ ಕೂತು ಹೋಗುವ ಮಾತೇ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟರು. ಹಾಗಾದರೆ ನಾನೂ ಬೇಡ ಎಂದು ನಾನು ಮುಖ ಊದಿಸಿಕೊಂಡು ಕೂತಿದ್ದಾಗ ನಮ್ಮ ಅತ್ತೆ ಹುರುಳಿಕಾಯಿ ಮುರಿಯುತ್ತಾ, ತಲೆ ಎತ್ತದೆ, ತಾನು ಹೋಗುತ್ತೇನೆ ಎಂದರು. ಅವರಿಗೆ ಎಪ್ಪತ್ತಮೂರು. ಬಿ.ಪಿ. ಮಾತ್ರೆ ಬಿಟ್ಟರೆ ಇನ್ನೇನೂ ಇಲ್ಲ. ದಿನಾ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಸುತ್ತ ಏಳು ಸುತ್ತು ಹೊಡೆಯುತ್ತಾರೆ, ನನ್ನಿಂದ ಮೂರಾಗುವುದಿಲ್ಲ.

ಅವರು ಹೊರಟಿದ್ದು ಆ ಹಡಗಿಗಾಗಿ. ಅತ್ತೆಯ ತವರು ಹಲಸೂರು. ಕೆರೆಯ ಏರಿಗೆ ಒಂದೇ ಬೀದಿ ದೂರದಲ್ಲಿ ಹುಟ್ಟಿ, ಮದುವೆಯಾಗುವವರೆಗೆ ದಿನವೂ ಅದೇ ನೀರನ್ನು ನೋಡಿಕೊಂಡು ಸ್ಕೂಲಿಗೆ ಹೋದವರು. ಒಂದು ಸಲವೂ ಅಲ್ಲಿ ದೋಣಿ ಹತ್ತಿರಲಿಲ್ಲ. ಮೊದಲು ಅವರಪ್ಪ ಬಿಡಲಿಲ್ಲ, ಆಮೇಲೆ ನಮ್ಮ ಮಾವನವರಿಗೆ ನೀರೆಂದರೆ ಭಯ. ಅತ್ತೆ ಕಾರಣಗಳನ್ನು ಹೇಳಿಕೊಳ್ಳುವವರಲ್ಲ. ಟೂರಿನ ಕಾಗದದಲ್ಲಿದ್ದ ಹಡಗಿನ ಚಿತ್ರದ ಮೇಲೆ ಬೆರಳಿಟ್ಟು, ಇದು ಇದೆ ತಾನೇ ಎಂದು ಮೂರು ಸಲ ಕೇಳಿದರು.

ಸತ್ಯ ಹೇಳಬೇಕೆಂದರೆ ನನಗೆ ಖುಷಿಯಾಗಲಿಲ್ಲ. ಹತ್ತು ದಿನ ಒಂದೇ ರೂಮಿನಲ್ಲಿ ಅತ್ತೆಯ ಜೊತೆ. ನಾವು ಜಗಳವಾಡುವವರಲ್ಲ, ಇಪ್ಪತ್ತಮೂರು ವರ್ಷದಲ್ಲಿ ಒಂದು ದಿನ ದನಿ ಎತ್ತಿ ಮಾತಾಡಿದವರಲ್ಲ. ಆದರೆ ನನ್ನೊಳಗೆ ಒಂದು ಮುಳ್ಳು ಮೊದಲಿನಿಂದಲೂ ಇತ್ತು. ಅದು ಬಟ್ಟೆಯ ಬಕೆಟ್ಟಿನದು.

ನಾನು ಹುಬ್ಬಳ್ಳಿಯವಳು. ಮದುವೆಯಾಗಿ ಬಂದಾಗ ಮಾವನವರಿಗೆ ಇನ್ನೂ ಫ್ಯಾಕ್ಟರಿ ನೌಕರಿ ಇತ್ತು. ಕೆ.ಆರ್. ಪುರದ ಈಚೆಗೆ ಸ್ಟಾಫ್ ಕಾಲೋನಿಯಲ್ಲಿ ಮನೆ, ಒಂದೇ ಥರದ ನೂರಾರು ಮನೆಗಳು, ಮನೆಗೂ ಮನೆಗೂ ನಡುವೆ ಎದೆಮಟ್ಟದ ಗೋಡೆ. ಬಂದ ನಾಲ್ಕನೇ ದಿನವೋ ಐದನೇ ದಿನವೋ ಅತ್ತೆ ಒಗೆದ ಬಟ್ಟೆಯ ಬಕೆಟ್ಟು ಕೈಗೆ ಕೊಟ್ಟು, ಇದನ್ನ ಆಚೆ ಹಾಕ್ಬಿಟ್ಟು ಬಾ ಎಂದರು. ಬೆಂಗಳೂರಿನವರಿಗೆ ಆಚೆ ಅಂದರೆ ಮನೆಯ ಹೊರಗೆ. ನಮ್ಮ ಕಡೆ ಹೊರಗೆ ಅನ್ನುವುದಕ್ಕೆ ಹೊರಗ ಎಂದೇ ಅನ್ನುತ್ತಾರೆ. ಆಚೆ ಅಂದರೆ ಆ ಕಡೆ, ದಾಟಿದ ಮೇಲಿನ ಕಡೆ. ಹಳ್ಳದ ಆಚೆ, ರೈಲು ಹಳಿಯ ಆಚೆ. ನಾನು ಹಿತ್ತಲಿಗೆ ಹೋಗಿ ನೋಡಿದೆ. ಗೋಡೆಯ ಆಚೆ ಪಕ್ಕದ ಮನೆಯವರ ತಂತಿ ಕಾಣಿಸಿತು. ಇಲ್ಲಿ ಹೀಗೇ ಇರಬೇಕು, ಅವರ ತಂತಿಯ ಮೇಲೆ ಇವರು ಹಾಕುವ ಪದ್ಧತಿ ಇರಬೇಕು ಅಂದುಕೊಂಡು, ಹೊಸ ಸೀರೆಯ ನೆರಿಗೆ ಎತ್ತಿ ಕಟ್ಟಿ, ಕಲ್ಲಿನ ಮೇಲೆ ಕಾಲಿಟ್ಟು ಗೋಡೆ ಹತ್ತಿ ಇಳಿದು, ಮಾವನವರ ಬನಿಯನ್ನುಗಳನ್ನೆಲ್ಲ ಪಕ್ಕದ ಮನೆಯ ತಂತಿಗೆ ಸಾಲಾಗಿ ಹಾಕಿ ಬಂದೆ.

ಸಂಜೆಯೊಳಗೆ ಕಾಲೋನಿಗೆಲ್ಲ ಸುದ್ದಿ. ಅತ್ತೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಬಂದವರಿಗೆಲ್ಲ ಕಾಫಿಯ ಜೊತೆ ಅದನ್ನೇ ಬಡಿಸಿದರು. ಇವತ್ತು ಯೋಚಿಸಿದರೆ ನನಗೂ ನಗು ಬರುತ್ತದೆ. ಆವತ್ತು ನನಗೆ ಇಪ್ಪತ್ತನಾಲ್ಕು, ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಿದ್ದೆ. ಇನ್ನು ಮುಂದೆ ಈ ಮನೆಯಲ್ಲಿ ನನ್ನ ಮಾತಿಗೆ ಯಾರೂ ನಗಬಾರದು ಎಂದು ಹಟ ಹಿಡಿದೆ. ಆರು ತಿಂಗಳಲ್ಲಿ ಹೋಗ್ತೀನಿ, ಬಂದ್ಬಿಟ್ಟೆ, ಆಚೆ ಹೋಗ್ಬೇಕು ಎಲ್ಲ ನಾಲಿಗೆಗೆ ಹತ್ತಿಸಿಕೊಂಡೆ. ಇಂದಿರಾನಗರದ ನಮ್ಮ ಆಫೀಸಿನಲ್ಲಿ ನಾನು ಹುಬ್ಬಳ್ಳಿಯವಳೆಂದು ಅರ್ಧ ಜನರಿಗೆ ಗೊತ್ತಿಲ್ಲ. ನನ್ನ ಸ್ವಂತ ಕನ್ನಡವನ್ನು ಒಬ್ಬರಿಗಾಗಿ ಮಾತ್ರ ಎತ್ತಿಟ್ಟಿದ್ದೆ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅವ್ವನ ಫೋನು ಬರುತ್ತಿತ್ತು. "ಊಟಾತೇನವ್ವಾ?" ಎಂದು ಶುರುಮಾಡುವಳು, ಊಟಕ್ಕೆ ಇನ್ನೂ ಎರಡು ಗಂಟೆ ಇದ್ದರೂ. ಬಾಲ್ಕನಿಯಲ್ಲಿ ನಿಂತು ಅರ್ಧ ಗಂಟೆ ನಾನು ಹುಬ್ಬಳ್ಳಿಯವಳಾಗಿ, ಆಮೇಲೆ ಒಳಗೆ ಬಂದು ಬೆಂಗಳೂರಿನವಳಾಗುತ್ತಿದ್ದೆ.

ಅವ್ವ ಹೋಗಿ ಎರಡು ವರ್ಷವಾಯಿತು. ಅಣ್ಣ ತಮ್ಮ ಯಾರೂ ಇಲ್ಲ ನನಗೆ, ಫೋನು ನಿಂತಿತು.

ಅದಾದ ಕೆಲವು ತಿಂಗಳಿಗೆ ಅತ್ತೆಗೆ ಅದೇನು ಹೊಕ್ಕಿತೋ, ನನ್ನ ಜೊತೆ ಹುಬ್ಬಳ್ಳಿ ಕನ್ನಡ ಆಡತೊಡಗಿದರು. ಅದೂ ಸರಿಯಾಗಿ ಅಲ್ಲ. "ಸಾರಿಗೆ ಉಪ್ಪು ಕಮ್ಮಿ ಐತಿ ಕಣೇ" ಎನ್ನುವರು. ಐತಿ ಕಣೇ ಎಂದು ಕರ್ನಾಟಕದ ಯಾವ ಊರಿನಲ್ಲೂ ಯಾರೂ ಅನ್ನುವುದಿಲ್ಲ. ಹೊರಗೆ ಹೋಗುವಾಗ "ಹೊರಗ ಹೋಗ್ಬರ್ತೀನಿ" ಎಂದು ಆ ಗ-ವನ್ನು ಒತ್ತಿ ಹೇಳುವರು. ಒಂದು ದಿನ ಸಂಜೆ ನಾನು ಬಾಲ್ಕನಿಯಲ್ಲಿ ಸುಮ್ಮನೆ ನಿಂತಿದ್ದಾಗ ಹಿಂದಿನಿಂದ ಬಂದು "ಊಟಾತೇನವ್ವಾ?" ಎಂದಾಗ ನನ್ನ ಮೈ ಉರಿದುಹೋಯಿತು. ಇಷ್ಟು ವರ್ಷದ ಮೇಲೆ ಮತ್ತೆ ಆಡಿಕೊಳ್ಳಲು ಶುರುಮಾಡಿದ್ದಾರೆ, ಅದೂ ಸತ್ತ ನನ್ನ ಅವ್ವನ ಮಾತಿನಲ್ಲಿ ಎಂದುಕೊಂಡೆ. ಗಂಡನ ಹತ್ತಿರ ಹೇಳಿದರೆ, ಅಮ್ಮ ತಮಾಷೆ ಮಾಡ್ತಾರೆ ಬಿಡು ಎಂದರು. ಬಿಡಲು ನನಗೆ ಆಗಲಿಲ್ಲ, ಹೇಳಲೂ ಆಗಲಿಲ್ಲ. ಈ ಉರಿಯನ್ನು ಸೂಟ್‌ಕೇಸಿನ ಜೊತೆ ಹೊತ್ತುಕೊಂಡೇ ನಾನು ವಿಮಾನ ಹತ್ತಿದ್ದು.

ಹೆಲ್ಸಿಂಕಿಯ ಬಂದರಿನಲ್ಲಿ ನಿಂತಿದ್ದ ಹಡಗು ನಮ್ಮ ಅಪಾರ್ಟ್‌ಮೆಂಟಿಗಿಂತ ಎತ್ತರವಿತ್ತು. ಹೊಟ್ಟೆಯೊಳಗೆ ಲಾರಿ, ಬಸ್ಸು, ಕಾರು. ಅದರ ಮೇಲೆ ಹೋಟೆಲುಗಳು, ಅಂಗಡಿಗಳು, ಮಕ್ಕಳು ಜಾರುವ ಜಾರುಬಂಡೆ. ಎಲ್ಲಕ್ಕಿಂತ ಮೇಲೆ ತೆರೆದ ಡೆಕ್ಕು. ನಮ್ಮದು ಹನ್ನೆರಡು ಜನರ ಗುಂಪು, ಜೊತೆಗೆ ಶಿವಾಜಿನಗರದ ಟೂರ್ ಮ್ಯಾನೇಜರ್. ಮನೆಯಲ್ಲಿ ತಮಿಳು, ಮಾರ್ಕೆಟ್ಟಿನಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಹಡಗಿನವರ ಜೊತೆ ಇಂಗ್ಲಿಷು ಆಡುವ ಚುರುಕು ಮನುಷ್ಯ. ಅತ್ತೆ ಮಹಡಿಗಳನ್ನು ಎಣಿಸಿಕೊಂಡು ಲಿಫ್ಟಿನಲ್ಲಿ ಮೇಲೆ ಬಂದು, ಕಂಬಿ ಹಿಡಿದು ಬಗ್ಗಿ ನೋಡಿ, ನೀರು ಇಷ್ಟು ಕೆಳಗಿದ್ದರೆ ಕೈಯಲ್ಲಿ ಮುಟ್ಟೋದು ಹೇಗೆ ಎಂದು ಬೇಜಾರು ಮಾಡಿಕೊಂಡರು. ಹಲಸೂರಿನಲ್ಲಾದರೆ ದೋಣಿಯಿಂದ ಕೈ ಬಿಟ್ಟರೆ ನೀರು ಸಿಗುತ್ತದಂತೆ, ಹತ್ತಿದವರು ಹೇಳಿದ್ದರಂತೆ.

ಆದರೆ ಹಡಗು ಹೊರಟ ಮೇಲೆ ಅವರನ್ನು ಕಂಬಿಯಿಂದ ಬಿಡಿಸಲು ಆಗಲಿಲ್ಲ. ಸಣ್ಣ ಸಣ್ಣ ದ್ವೀಪಗಳು ಪಕ್ಕದಲ್ಲೇ ಹಾದು ಹೋದವು, ಒಂದರ ಮೇಲೆ ಹಳೆಯ ಕೋಟೆ. ಆಮೇಲೆ ಬರೀ ನೀರು. ಜೂನ್ ತಿಂಗಳಾದರೂ ಗಾಳಿ ಚಳಿಚಳಿ. ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ಮಗನ ಜಾಕೆಟ್ಟು, ತಲೆಗೆ ಮಫ್ಲರು ಸುತ್ತಿ ಅತ್ತೆ ನಿಂತೇ ಇದ್ದರು. ನನಗೆ ಅಲೆಯ ಕುಲುಕಾಟಕ್ಕೆ ಹೊಟ್ಟೆ ತೊಳಸಲು ಶುರುವಾಗಿತ್ತು. ಟಾಲಿನ್ನಿನ ಗೋಪುರಗಳು ದೂರದಲ್ಲಿ ಸೂಜಿಮೊನೆಯಂತೆ ಕಂಡಾಗ ಗುಂಪಿನವರೆಲ್ಲ ಫೋಟೋ ತೆಗೆಯಲು ಬಂದು ಸೇರಿದರು. ಅಷ್ಟು ಜನರ ಮುಂದೆ ಅತ್ತೆ ನನ್ನ ಕಡೆ ತಿರುಗಿ, "ಭಾಳ ಥಂಡಿ ಐತಿ ಕಣೇ, ಕಿವಿ ಮುಚ್ಕೋ" ಎಂದರು. ಯಾರೋ ನಕ್ಕರು. ಮಲ್ಲೇಶ್ವರದ ಒಬ್ಬರು ಅದನ್ನು ಇನ್ನೊಂದು ಸಲ ಅಂದು ತೋರಿಸಿದರು.

ನನಗೆ ಕಾಲೋನಿ ಕಾಣಿಸಿತು, ತಂತಿಯ ಮೇಲಿನ ಬನಿಯನ್ನುಗಳು ಕಾಣಿಸಿದವು.

"ಅತ್ತೆ, ಸಾಕು ಮಾಡಿ. ಇಪ್ಪತ್ತಮೂರು ವರ್ಷ ಆಯ್ತು, ಇನ್ನೂ ನನ್ನ ಮಾತು ಆಡ್ಕೋಬೇಕಾ ನೀವು?"

ಅಷ್ಟು ಜೋರಾಗಿ ನಾನು ಅವರ ಜೊತೆ ಯಾವತ್ತೂ ಮಾತಾಡಿರಲಿಲ್ಲ. ಗುಂಪಿನವರು ಸಮುದ್ರ ನೋಡತೊಡಗಿದರು. ಸ್ವಲ್ಪ ಹೊತ್ತು ಬಿಟ್ಟು ಅತ್ತೆ ಪರ್ಸಿನಿಂದ ಒಣ ನೆಲ್ಲಿಕಾಯಿಯ ಚೂರು ತೆಗೆದು ನನ್ನ ಅಂಗೈಯಲ್ಲಿಟ್ಟರು, ಹೊಟ್ಟೆ ತೊಳಸುವುದಕ್ಕೆ. ನಾನು ಅದನ್ನು ಬಾಯಿಗೆ ಹಾಕಿಕೊಳ್ಳದೆ ಜೇಬಿಗೆ ಹಾಕಿಕೊಂಡೆ. ಅಷ್ಟರಲ್ಲಿ ಹೊಟ್ಟೆ ಮೇಲಕ್ಕೇ ಬಂತು, ಕೆಳಗಿನ ಮಹಡಿಯ ಟಾಯ್ಲೆಟ್ಟಿಗೆ ಓಡಿದೆ. ಅತ್ತೆ ಹಿಂದೆಯೇ ಬಂದರು. ಒಳಗೆ ಬಗ್ಗಿ ನಿಂತಿದ್ದಾಗ ಬಾಗಿಲು ತಟ್ಟಿದರು. ಸ್ಪೀಕರಿನಲ್ಲಿ ಮೂರು ನಾಲ್ಕು ಭಾಷೆಯಲ್ಲಿ ಏನೇನೋ ಹೇಳುತ್ತಿದ್ದರು, ಅದರ ನಡುವೆ ಅತ್ತೆಯ ದನಿ ಕೇಳಿಸಿತು.

"ನಿಧಾನವಾಗಿ ಬಾ. ನಾನು ಆಚೆ ಇರ್ತೀನಿ."

ನಾನು ಹೂಂ ಎಂದೆ.

ಮುಖ ತೊಳೆದು, ಸುಧಾರಿಸಿಕೊಂಡು ಬರುವಷ್ಟರಲ್ಲಿ ಅರ್ಧ ಗಂಟೆಯೇ ಆಗಿರಬೇಕು. ಹಡಗು ನಿಂತಿತ್ತು. ಜನ ಪೆಟ್ಟಿಗೆ ಎಳೆದುಕೊಂಡು ಒಂದೇ ದಿಕ್ಕಿಗೆ ಹೋಗುತ್ತಿದ್ದರು. ಟಾಯ್ಲೆಟ್ಟಿನ ಹೊರಗೆ ಅತ್ತೆ ಇರಲಿಲ್ಲ. ಆಚೆ ಅಂದಿದ್ದಾರೆ, ಡೆಕ್ಕಿನ ಮೇಲಿರುತ್ತಾರೆ, ಆ ಕಂಬಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ ಎಂದು ಗೊಣಗಿಕೊಂಡೇ ಮೇಲೆ ಹೋದೆ. ಡೆಕ್ಕು ಖಾಲಿ. ಕುರ್ಚಿಗಳು, ಗಾಳಿ, ಒಂದು ಕಾಗದದ ಲೋಟ ಉರುಳಾಡುತ್ತಿತ್ತು. ಈ ಬದಿ ನೋಡಿ ಆ ಬದಿ ನೋಡಿದೆ. ಇಬ್ಬರ ಪಾಸ್‌ಪೋರ್ಟೂ ನನ್ನ ಬ್ಯಾಗಿನಲ್ಲಿತ್ತು. ಅವರ ಬಿ.ಪಿ. ಮಾತ್ರೆ ನನ್ನ ಬ್ಯಾಗಿನಲ್ಲಿತ್ತು. ಅವರ ಫೋನೂ ನನ್ನ ಬ್ಯಾಗಿನಲ್ಲೇ, ಕಳೆದುಹೋದೀತು ಎಂದು ನಾನೇ ಇಸಿದುಕೊಂಡಿದ್ದೆ. ಅವರ ಹತ್ತಿರ ಇದ್ದದ್ದು ಒಂದು ಪರ್ಸು, ಅದರಲ್ಲಿ ನೆಲ್ಲಿಕಾಯಿ.

ಮ್ಯಾನೇಜರು ನನ್ನನ್ನು ಹುಡುಕಿಕೊಂಡು ಬಂದರು. ಉಳಿದವರು ಇಳಿದು ಬಸ್ಸಿನ ಕಡೆ ಹೋಗಿದ್ದರು, ಅವರ ಫೋನುಗಳು ಯಾವುದೂ ಹತ್ತುತ್ತಿರಲಿಲ್ಲ. ಅಮ್ಮ ಕರೆಕ್ಟಾಗಿ ಏನಂದರು ಎಂದು ಕೇಳಿದರು. ಆಚೆ ಇರುತ್ತೇನೆ ಅಂದರು ಎಂದೆ. ಅವರು ಅದನ್ನು ಇಂಗ್ಲಿಷಿನಲ್ಲಿ, ಔಟ್‌ಸೈಡ್, ಎಂದು ಹಡಗಿನ ಒಬ್ಬಾಕೆಗೆ ಹೇಳಿದರು. ಆಕೆ ನನ್ನ ಮುಖ ನೋಡಿ, ಆಮೇಲೆ ಕಂಬಿಯ ಕಡೆ ನೋಡಿದಳು. ಎಷ್ಟು ಹೊತ್ತಿಗೆ, ಅವರ ಮನಸ್ಸು ಹೇಗಿತ್ತು, ಏನಾದರೂ ಬೇಜಾರಿನಲ್ಲಿದ್ದರಾ ಎಂದು ಮೆಲ್ಲಗೆ ಕೇಳಿದಳು. ಕ್ಯಾಮೆರಾ ನೋಡಲು ಹೇಳುತ್ತೇನೆ ಎಂದು ವಾಕಿಟಾಕಿ ತೆಗೆದಳು.

ಆಕೆ ಬೇಜಾರಿನಲ್ಲಿದ್ದರಾ ಎಂದದ್ದೇ ನಾನು ಆ ಬದಿಗೆ ಓಡಿದೆ. ಕಂಬಿ ಹಿಡಿದು ಕೆಳಗೆ ನೋಡಿದೆ. ಆ ನೀರು ಕಪ್ಪಗಿತ್ತು. ಅದನ್ನು ಕೈಯಲ್ಲಿ ಮುಟ್ಟಬೇಕೆಂದು ಬಂದಿದ್ದ ಹೆಂಗಸಿಗೆ ನಾನು ಹತ್ತು ಜನರ ಮುಂದೆ ಹಾಗೆ ಅಂದಿದ್ದೆ. ಮನೆಗೆ ಫೋನು ಮಾಡಿ ಬೆನ್ನು ಹಿಡಿದುಕೊಂಡು ಮಲಗಿರುವ ಮಗನಿಗೆ ಏನು ಹೇಳಲಿ? ಅಳು ಬರಲಿಲ್ಲ, ಬಾಯಿ ಒಣಗಿತು. ಜೇಬಿಗೆ ಕೈ ಹಾಕಿದರೆ ನೆಲ್ಲಿಕಾಯಿ ಸಿಕ್ಕಿತು. ಅದನ್ನು ಬಾಯಿಗೆ ಹಾಕಿಕೊಂಡೆ.

ಎದುರಿಗೆ ದಡ. ಗಾಜಿನ ಗೋಡೆಯ ದೊಡ್ಡ ಕಟ್ಟಡ, ಹಡಗಿನಿಂದ ಅದಕ್ಕೆ ಮುಚ್ಚಿದ ಸೇತುವೆಯಂಥ ದಾರಿ. ಅದರೊಳಗೆ ಜನ ಸಾಲಾಗಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಿದ್ದರು. ನೋಡುತ್ತಾ ನಿಂತವಳ ತಲೆಗೆ ಆಗ ಹೊಳೆಯಿತು. ಅತ್ತೆ ಒಂದೂವರೆ ವರ್ಷದಿಂದ ನನ್ನ ಹತ್ತಿರ ಹೊರಗೆ ಅನ್ನುವುದಕ್ಕೆ ಆಚೆ ಅಂದೇ ಇಲ್ಲ. ಹೊರಗ ಹೋಗ್ಬರ್ತೀನಿ, ಬಟ್ಟೆ ಹೊರಗ ಐತಿ, ಮಳೆ ಹೊರಗ. ಹಾಗಾದರೆ ಇವತ್ತು ಆಚೆ ಅಂದದ್ದು ಯಾವ ಆಚೆ?

ಮ್ಯಾನೇಜರಿಗೆ ಹೇಳಲೂ ನಿಲ್ಲದೆ ಓಡಿದೆ. ಮೆಟ್ಟಿಲಿಳಿದು, ಪೆಟ್ಟಿಗೆಗಳನ್ನು ದಾಟಿಕೊಂಡು, ಆ ಮುಚ್ಚಿದ ದಾರಿಯಲ್ಲಿ ಉಸಿರು ಬಿಡುತ್ತಾ ನಡೆದೆ. ದಾರಿ ಮುಗಿಯುವಲ್ಲಿ ಒಂದು ಕಂಬ. ಕಂಬಕ್ಕೆ ಒರಗಿ, ಮಗನ ಜಾಕೆಟ್ಟಿನಲ್ಲಿ, ಮಫ್ಲರು ಸುತ್ತಿಕೊಂಡು, ಬರುವವರ ಮುಖಗಳನ್ನು ಒಂದೊಂದಾಗಿ ನೋಡುತ್ತಾ ಅತ್ತೆ ನಿಂತಿದ್ದರು. ನನ್ನನ್ನು ಕಂಡವರೇ, ಹೊಟ್ಟೆ ಹೇಗಿದೆ ಎಂದು ಕೇಳಿದರು. ಇಳಿಯುವ ಗುಂಪಿನವರ ಜೊತೆ ಬಂದರಂತೆ, ಅವರು ಬಸ್ಸಿಗೆ ಕರೆದರಂತೆ, ಸೊಸೆ ಬರಬೇಕು ಎಂದು ಹೋಗಲಿಲ್ಲವಂತೆ.

ಎಲ್ಲಿ ಹೋಗಿದ್ರಿ ಎಂದು ನಾನು ಕೇಳಿದ್ದು ಗದರಿಕೆಯಂತೆ ಇದ್ದಿರಬೇಕು. ಅವರು ಪೆಚ್ಚಾದರು.

"ಆಚೆ ಇರ್ತೀನಿ ಅಂದ್ನಲ್ಲೇ."

"ನಾನು ಡೆಕ್ ಮೇಲೆ ಹುಡುಕ್ತಾ ಇದ್ದೆ ಅತ್ತೆ. ಆಚೆ ಅಂದ್ರೆ ಅದೇ ಅಲ್ವಾ?"

"ಅದು ನಮ್ಮ ಆಚೆ," ಎಂದರು. "ನಾನು ಹೇಳಿದ್ದು ನಿಮ್ಮ ಆಚೆ."

ನಾನು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತೆ. ಅವರೂ ಕೂತರು. ಹಿಂದೆಯೇ ಬಂದ ಮ್ಯಾನೇಜರು ದೂರದಿಂದ ನಮ್ಮನ್ನು ನೋಡಿ, ಕೈ ಜೋಡಿಸಿ ಮೇಲೆ ನೋಡಿ, ವಾಕಿಟಾಕಿಯಾಕೆಗೆ ಹೇಳಲು ತಿರುಗಿ ಹೋದರು. ಆಮೇಲೆ ಅತ್ತೆ ಜಾಕೆಟ್ಟಿನ ಜಿಪ್ಪನ್ನು ಮೇಲೆ ಕೆಳಗೆ ಎಳೆಯುತ್ತಾ, ನನ್ನ ಕಡೆ ನೋಡದೆ ಹೇಳಿದರು.

"ಆಡ್ಕೊಳ್ಳೋಕಲ್ಲ ಕಣೇ ನಾನು ಹಂಗೆ ಮಾತಾಡಿದ್ದು. ನಿಮ್ಮಮ್ಮ ಹೋದ್ಮೇಲೆ ನಿನ್ ಜೊತೆ ಆ ಥರ ಮಾತಾಡೋರು ಯಾರೂ ಇಲ್ಲ ಅನ್ನಿಸ್ತು. ದಿನಾ ಸಂಜೆ ಬಾಲ್ಕನೀಲಿ ಹೋಗಿ ಸುಮ್ನೆ ನಿಂತ್ಕೊಳ್ತಿದ್ದೆ ನೀನು. ಮನೇಲಿ ಒಬ್ರಾದ್ರೂ ಆಡ್ಲಿ ಅಂತ. ನಂಗೆ ಸರಿಯಾಗಿ ಬರಲ್ಲ, ನೀನು ಫೋನಲ್ಲಿ ಮಾತಾಡೋದು ಕೇಳಿ ಕಲ್ತಿದ್ದಷ್ಟೇ."

ಆಗ ಅಳು ಬಂತು. ಎಂಥ ಅಳು ಅಂದರೆ ಪಕ್ಕದಲ್ಲಿ ಕೂತಿದ್ದ ಬಿಳಿಯ ಮುದುಕ ಎದ್ದು ತನ್ನ ಕಾಗದದ ಕರ್ಚೀಫು ಕೊಟ್ಟು ಹೋದ. ಬಕೆಟ್ಟಿನ ಕಥೆಯನ್ನೂ ಹೇಳಿದೆ, ಬಚ್ಚಲಲ್ಲಿ ಅತ್ತದ್ದನ್ನೂ ಹೇಳಿದೆ. ನಾನು ಅತ್ತದ್ದು ಅವರಿಗೆ ಗೊತ್ತೇ ಇರಲಿಲ್ಲ. ಬಕೆಟ್ಟಿನದನ್ನು ನೆನೆಸಿಕೊಂಡು ನಗುವ ವಿಷಯ ಅಂತಲೇ ಇಷ್ಟು ವರ್ಷ ಇಟ್ಟುಕೊಂಡಿದ್ದರು. ತಪ್ಪಾಯ್ತು ಎಂದರು. ಅತ್ತೆಯೊಬ್ಬರು ಸೊಸೆಗೆ ಹಾಗೆ ಅನ್ನುವುದನ್ನು ನಾನು ನಮ್ಮ ಕಡೆಯಲ್ಲೂ ಕೇಳಿಲ್ಲ, ಇವರ ಕಡೆಯಲ್ಲೂ ಕೇಳಿಲ್ಲ. ತಪ್ಪು ನಂದೂ ಇತ್ತು. ನನ್ನ ಭಾಷೆಯನ್ನು ಯಾರೂ ಕಸಿದುಕೊಂಡಿರಲಿಲ್ಲ, ನಾನೇ ಬಾಲ್ಕನಿಯಲ್ಲಿ ಬೀಗ ಹಾಕಿ ಇಟ್ಟಿದ್ದೆ. ಬಾಗಿಲ ಸಂದಿನಿಂದ ಕೇಳಿಸಿಕೊಂಡು ಒಬ್ಬರು ಅದನ್ನು ಕಲಿಯುತ್ತಿದ್ದರೆ ನಾನು ಅವರ ಮೇಲೆ ಹಲ್ಲು ಕಡಿಯುತ್ತಿದ್ದೆ.

ಕರ್ಚೀಫು ಒದ್ದೆಯಾದ ಮೇಲೆ ಅತ್ತೆ ಹಿಂಜರಿಯುತ್ತಾ, "ಈಗ ಹೊಟ್ಟಿ ಆರಾಮ ಐತಿ ಏನೇ?" ಎಂದರು.

"ಏನೇ ಅಲ್ರಿ ಅತ್ತಿ," ಎಂದೆ. "ಆರಾಮ ಐತೇನ, ಅಂತ ಅನ್ಬೇಕು. ಕೊನೀಗೆ ಸ್ವಲ್ಪ ಎಳೀಬೇಕು."

ಆ ಮನೆಗೆ ಬಂದ ಮೇಲೆ ನಾನು ಅವರ ಜೊತೆ ಆಡಿದ ಮೊದಲ ಹುಬ್ಬಳ್ಳಿ ಮಾತು ಅದು. ಅತ್ತೆ ಸ್ಕೂಲು ಮಗುವಿನಂತೆ ಎರಡು ಸಲ ಅಂದು ನೋಡಿದರು. ಎರಡನೇ ಸಲ ಹೆಚ್ಚುಕಮ್ಮಿ ಸರಿಯಾಗಿತ್ತು.

ಟಾಲಿನ್ನಿನ ಹಳೇ ಪೇಟೆಯ ಬಗ್ಗೆ ಹೆಚ್ಚು ಹೇಳಲಾರೆ. ಕಲ್ಲು ಹಾಸಿದ ಬೀದಿಗಳು, ಕೆಂಪು ಹಂಚಿನ ಗೋಪುರಗಳು, ಫೋಟೋದಲ್ಲಿವೆ. ನನಗೆ ಚೆನ್ನಾಗಿ ನೆನಪಿರುವುದು ಊಟದ ನಂತರ ಸಮುದ್ರದ ದಂಡೆಗೆ ಇಳಿದದ್ದು. ಅತ್ತೆ ನನ್ನ ಭುಜ ಹಿಡಿದು ಬಗ್ಗಿ, ಕಲ್ಲುಗಳ ನಡುವೆ ಕೈ ಬಿಟ್ಟು ನೀರು ಮುಟ್ಟಿದರು. ಐಸಿನಂತಿದೆ ಎಂದು ಒದ್ದೆ ಕೈಯನ್ನು ನನ್ನ ಕೆನ್ನೆಗೆ ಒತ್ತಿದರು. ಮೂರು ವರ್ಷದ ಹಿಂದೆ ನನ್ನ ಅವ್ವ ಕೊನೆಯ ಸಲ ನಮ್ಮ ಮನೆಗೆ ಬಂದಿದ್ದಾಗ ಇವರಿಬ್ಬರೂ ಅಡುಗೆಮನೆಯಲ್ಲಿ ಕೂತು, ಒಬ್ಬರದು ಒಬ್ಬರಿಗೆ ಅರ್ಧ ಅರ್ಥವಾಗುತ್ತಾ, ಗಂಟೆಗಟ್ಟಲೆ ಮಾತಾಡಿದ್ದು ನೆನಪಾಯಿತು. ಆಗ ಅವ್ವ ಏನಾದರೂ ಹೇಳಿದ್ದಳೋ ಏನೋ. ಕೇಳಿದರೆ, ಇಲ್ಲ, ಒಗ್ಗರಣೆ ವಿಷಯ ಮಾತಾಡಿದ್ವಿ ಎಂದರು. ಅದಾದರೂ ನನಗೆ ಸಾಕು. ಇಬ್ಬರು ತಾಯಂದಿರು ನನ್ನ ಪಾಲಿಗೆ ಬಂದರಲ್ಲ, ಒಬ್ಬಳು ಹೋದಾಗ ಅವಳ ಮಾತನ್ನು ಇನ್ನೊಬ್ಬರು ಎತ್ತಿಕೊಂಡರಲ್ಲ ಎಂದು ಆ ದಂಡೆಯಲ್ಲಿ ನಿಂತು ಯಾರಿಗೋ ಕೈ ಮುಗಿಯಬೇಕು ಅನ್ನಿಸಿತು. ಮುಗಿಯಲಿಲ್ಲ, ಕೈಯಲ್ಲಿ ಅತ್ತೆಯ ಚಪ್ಪಲಿ ಇತ್ತು.

ಸಂಜೆ ಮತ್ತೆ ಅದೇ ಹಡಗು, ಅದೇ ಎರಡು ಗಂಟೆ. ಅಲೆ ಇನ್ನೂ ಜೋರಾಗಿತ್ತು. ಹೆಲ್ಸಿಂಕಿಯ ದ್ವೀಪಗಳು ಕಾಣುವ ಹೊತ್ತಿಗೆ ನನ್ನ ಹೊಟ್ಟೆ ಮತ್ತೆ ಮೇಲೆ ಬಂತು. ಓಡಿಹೋಗಿ ಬಾಗಿಲು ಹಾಕಿಕೊಂಡೆ. ಸ್ಪೀಕರಿನವರು ಮತ್ತೆ ಎಲ್ಲ ಭಾಷೆಯಲ್ಲಿ ಇಳಿಯುವ ಸುದ್ದಿ ಹೇಳತೊಡಗಿದರು. ಬಾಗಿಲ ಮೇಲೆ ಎರಡು ಸಲ ತಟ್ಟಿದ ಸದ್ದಾಯಿತು. ಅತ್ತೆ ಒಂದು ಕ್ಷಣ ಯೋಚಿಸಿದರು ಅಂತ ಕಾಣುತ್ತದೆ, ಮಾತು ತಡವಾಗಿ ಬಂತು.

"ನಾನು ಇಲ್ಲೇ ಇರ್ತೀನಿ."

ಇಲ್ಲೇ ಅನ್ನುವುದಕ್ಕೆ ಹುಬ್ಬಳ್ಳಿಯಲ್ಲೂ ಹಲಸೂರಿನಲ್ಲೂ ಒಂದೇ ಅರ್ಥ. ನಾನು ಹೊರಗೆ ಬಂದಾಗ ಅಂಗೈಯಲ್ಲಿ ನೆಲ್ಲಿಕಾಯಿ ಹಿಡಿದುಕೊಂಡು ಅಲ್ಲೇ ನಿಂತಿದ್ದರು.